ಎಲ್ಲೋರಾ ನೋಡಿ ಬಂದೆ, ಲಕ್ಕುಂಡಿ ಬಾಗಿಲ ಮುಂದ ನಿಂತುಬಿಟ್ಟೆ. ನನ್ನ ಕಣ್ಣಾಗ ಏನರ ಐಬು ಐತೇನ್ರಿ?

ಮಗ್ಗದಮನಿ ಹುಡುಗಿ (ಬೆಟಗೇರಿ)

ಎಲ್ಲರಿಗೂ ನಮಸ್ಕಾರ್ರಿ. ನಾನು ಬೆಟಗೇರಿಯಾಕಿ, ಧಾರವಾಡದಾಗ ಬಿ.ಎ. ಎರಡನೇ ವರ್ಷ, ಇತಿಹಾಸ. ಮೊನ್ನೆ ಕಾಲೇಜಿನಿಂದ ಟೂರ್ ಹೋಗಿದ್ವಿ. ಹೆಸರಿಗೆ ಅಜಂತಾ-ಎಲ್ಲೋರಾ ಟೂರ್. ಅಜಂತಾ ಮುಟ್ಟಿದ್ದು ಸೋಮವಾರ, ಸೋಮವಾರ ಅಲ್ಲಿ ಬಂದ್. ಹೋಗ್ಲಿ ಅಂತ ಎಲ್ಲೋರಾಕ್ಕ ಹೊಂಟ್ರ ಮರುದಿನ ಮಂಗಳವಾರ, ಎಲ್ಲೋರಾ ಬಂದ್. ಟೂರಿನ ಯಾದಿ ಮಾಡಿದವರನ್ನ ಬಸ್ಸಿನಾಗ ಯಾರೂ ಮಾತಾಡಿಸಲಿಲ್ಲ. ಆ ದಿನ ದೌಲತಾಬಾದ್ ಕೋಟಿ ಹತ್ತಿ, ಬೀಬಿ ಕಾ ಮಕ್ಬರಾ ನೋಡಿ, ಕಡೀಕ ಬುಧವಾರ ಎಲ್ಲೋರಾದಾಗ ಎರಡು ತಾಸು ಸಿಕ್ತು. 34 ಗವಿಗಳಿಗೆ ಎರಡು ತಾಸು. ಲೆಕ್ಕ ನೀವ ಹಾಕ್ರಿ.

ಕೈಲಾಸ ನೋಡಿದೆ. 16ನೇ ಗವಿ. ಗುಡ್ಡಾನ ಮ್ಯಾಲಿಂದ ಕೆಳಗ ಕಡಕೋತ ಬಂದು ಗುಡಿ ತೆಗೆದಾರ ಅನ್ನೋದನ್ನ ಪರೀಕ್ಷಾದಾಗ ಮೂರು ಸಲ ಬರದೀನಿ. ಎದುರಿಗೆ ನಿಂತಾಗ ಕುತ್ತಿಗಿ ನೋವಾತು, ಬಾಯಿ ಒಣಗ್ತು, "ಅಬ್ಬಬ್ಬಾ" ಅಂದೆ. ಅಷ್ಟ. ಖರೇ ಹೇಳ್ತೀನಿ, ಒಳಗ ಏನೂ ಅಲುಗಾಡಲಿಲ್ಲ. ಗೆಳತ್ಯಾರು ಕಣ್ಣಾಗ ನೀರು ತಂದ್ಕೊಂಡ್ರು. ನನಗ ನಾಚಿಕಿ ಆತು, ನಾನೂ ಸುಮ್ನ ಕರವಸ್ತ್ರ ತೆಗೆದೆ.

ಊರಿಗೆ ಬಂದ ಮ್ಯಾಲೆ ಆ ಐತವಾರ ಕಾಕಾನ ಮಗಳ ಸ್ಕೂಟಿ ಹತ್ತಿ ಲಕ್ಕುಂಡಿಗೆ ಹೋದೆ. ಗದಗಿಂದ ಸುಮಾರು 12 ಕಿಲೋಮೀಟರ್. ಕೊಪ್ಪಳ ರಸ್ತೆದಾಗ ಎಷ್ಟು ಸಲ ಬಸ್ಸಿನಾಗ ದಾಟೇನೋ, ಒಂದು ಸಲನೂ ಇಳಿದಿರಲಿಲ್ಲ. ಇಪ್ಪತ್ತು ವರ್ಷದಾಗ ಒಂದು ಸಲನೂ!

ಕಾಶಿವಿಶ್ವೇಶ್ವರ ಗುಡಿ. ಬಾಗಿಲ ಮುಂದ ನಿಂತೆ, ನಿಂತಾಕಿ ನಿಂತ ಬಿಟ್ಟೆ. ಬಾಗಿಲವಾಡದ ಎರಡೂ ಕಡೆ ಪಟ್ಟಿ ಮ್ಯಾಲೆ ಪಟ್ಟಿ. ಬಳ್ಳಿ ಸುರುಳಿ ಸುತ್ತಿಕೋತ ಮ್ಯಾಲೆ ಹೋಗೇತಿ, ಅದರ ಬಾಜೂಕ ಇನ್ನೊಂದು, ಅದಕ್ಕ ಅಂಚು ಕಟ್ಟಿದಂಗ ಮತ್ತೊಂದು. ಎಣಸಾಕ ಸುರು ಮಾಡಿದೆ, ಎಣಿಕೆ ತಪ್ಪಿತು, ಮತ್ತ ಸುರು ಮಾಡಿದೆ. ಆಗ ಹೊಳೀತು. ಇದು ದಡಿ ಅಲ್ಲೇನು! ನಮ್ಮ ಮನಿ ಮಗ್ಗದಾಗ ಅಪ್ಪಾ ಸೀರಿ ದಡಿ ಹೆಂಗ ಕೂಡಸ್ತಾನ? ಅಗಲದ ಒಂದು ಪಟ್ಟಿ, ಬಾಜೂಕ ಸಣ್ಣ ಗೆರಿ, ನಡಕ ಖಾಲಿ ಬಿಟ್ಟ ಒಂದು ಎಳಿ, ಮತ್ತ ಹೂವು. ಆ ಖಾಲಿ ಎಳಿ ಇಲ್ಲದಿದ್ರ ಹೂವು ಕಾಣೂದಿಲ್ಲ ಅಂತಿರ್ತಾನ. ಇಲ್ಲಿ ಕಲ್ಲಿನಾಗೂ ಪಟ್ಟಿ ಪಟ್ಟಿ ನಡಕ ಹಂಗ ಖಾಲಿ ಬಿಟ್ಟಾರ. ನೆರಳು ಅಲ್ಲೇ ಬೀಳತೈತಿ.

ಎರಡೂವರೆ ತಾಸು ಕುಂತೆ. ಬರೇ ಒಂದು ಬಾಗಿಲು. ಕಾಕಾನ ಮಗಳು ಬೈದು ಬೈದು ಮಿರ್ಚಿ ತಿಂದು ಬಂದ್ಲು.

ಈಗ ಪ್ರಶ್ನೆ. ಜಗತ್ತು ಕೊಂಡಾಡೋ ಕೈಲಾಸದ ಮುಂದ ಕಲ್ಲಿನಂಗ ನಿಂತಾಕಿ, ಮನಿ ಹತ್ರದ ಗುಡಿ ಮುಂದ ಯಾಕ ಕರಗಿದೆ? ನನಗ ಕಲೆ ನೋಡಾಕ ಬರೂದಿಲ್ಲೇನು?

ಅಣ್ಣಿಗೇರಿ ಮೆಣಸಿನಕಾಯಿ

ತಂಗೀ, ಎರಡು ತಾಸಿನಾಗ 34 ಗವಿ ಅಂದ್ರ ಒಂದು ಗವಿಗೆ ಮೂರೂವರೆ ನಿಮಿಷ. ಅದರಾಗ ಸೆಲ್ಫಿ, ನೀರು, ಬಾತ್‌ರೂಮ್. ಒಳಗ ಏನು ಅಲುಗಾಡಬೇಕು? ಐಬು ಕಣ್ಣಾಗಿಲ್ಲ, ಟೂರಿನಾಗ ಐತಿ.

ಅಂದಂಗ ಗದಗ-ಹುಬ್ಬಳ್ಳಿ ನಡಕ ಓಡಾಡೂವಾಗ ನಮ್ಮ ಅಣ್ಣಿಗೇರಿನೂ ಹಿಂಗ ದಾಟಿ ಹೋಗೀರಿ ಅಂತ ಕಾಣಸ್ತೈತಿ. ಅಮೃತೇಶ್ವರ ಗುಡಿ, 76 ಕಂಬ. ಪಂಪನ ಊರು. ಇಳೀರಿ ಒಮ್ಮೆ.

ನಿವೃತ್ತ ಮಾಸ್ತರ (ಹಾವೇರಿ)

ಮಗಳೇ, ನಿನ್ನ ಬರಹ ಓದಿ ಸಂತೋಷವಾಯಿತು. ಆದರೆ ಒಂದು ತಕರಾರು ಇದೆ. ಕೈಲಾಸ ‘ಹೊರಗಿನದು’, ಲಕ್ಕುಂಡಿ ‘ನಮ್ಮದು’ ಎಂಬ ಧಾಟಿ ನಿನ್ನ ಮಾತಿನಲ್ಲಿ ಸ್ವಲ್ಪ ಇಣುಕಿದೆ. ಕೈಲಾಸವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಎಂಟನೆಯ ಶತಮಾನ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೋಡಿ ಬಂದು ಕೈಲಾಸದ ಮುಂದೆ ನಿಂತರೆ ಅಣ್ಣ ತಮ್ಮಂದಿರನ್ನು ನೋಡಿದ ಹಾಗಾಗುತ್ತದೆ. ಅಂಗಳದ ನಂದಿ ಮಂಟಪ, ಗೋಡೆಯ ಮೇಲಿನ ಶಿಲ್ಪಗಳ ಹಂಚಿಕೆ, ಶಿಖರದ ಏರು, ಎಲ್ಲದರಲ್ಲೂ ಮನೆತನದ ಹೋಲಿಕೆ ಇದೆ. ಚಾಲುಕ್ಯರ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಲ್ಲು ಜೋಡಿಸಿ ಕಟ್ಟಿಸಿದ್ದನ್ನು ಎಲ್ಲೋರಾದಲ್ಲಿ ಗುಡ್ಡ ಕಡಿದು ಬಿಡಿಸಿದರು. ನೀನು ಮೊದಲು ಪಟ್ಟದಕಲ್ಲು ನೋಡಿದ್ದರೆ ಕೈಲಾಸವೂ ನಿನ್ನನ್ನು ಮಾತನಾಡಿಸುತ್ತಿತ್ತೋ ಏನೋ.

ಮಗ್ಗದಮನಿ ಹುಡುಗಿ (ಬೆಟಗೇರಿ)

ಮಾಸ್ತರ್ರ, ಒಪ್ಪಿದೆ. ಹೊರಗಿನದು ಅಂತ ಅಲ್ರಿ, ಖರೇ. ಇನ್ನೊಂದು ಮಾತು ಹೇಳೂದು ಬಿಟ್ಟಿದ್ದೆ. ಎಲ್ಲೋರಾದಾಗ ಒಂದು ಕಡೆ ಮಾತ್ರ ನನಗ ಎದ್ದು ಬರಾಕ ಮನಸ್ಸಾಗಲಿಲ್ಲ. 10ನೇ ಗವಿ, ಬೌದ್ಧರದು. ಅಲ್ಲಿನ ಮಂದಿ ಅದಕ್ಕ ‘ಸುತಾರ್ ಕಾ ಝೋಪಡಾ’ ಅಂತಾರ, ಬಡಿಗ್ಯಾನ ಗುಡಿಸಲು. ಒಳಗ ಬುದ್ಧನ ಹಿಂದ ಸ್ತೂಪ, ಮ್ಯಾಲೆ ನೋಡಿದ್ರ ಛತ್ತಿಗೆ ಬಾಗಿದ ತೊಲಿ ಸಾಲು. ಎಲ್ಲಾ ಕಲ್ಲು! ಆ ತೊಲಿ ಯಾವ ಭಾರಾನೂ ಹೊತ್ತಿಲ್ಲ, ಗುಡ್ಡ ತನ್ನಷ್ಟಕ್ಕ ತಾನ ನಿಂತೈತಿ. ಕಟ್ಟಿಗಿ ಮನಿ ಕಟ್ಟಿ ರೂಢಿ ಆದ ಕೈ, ಕಲ್ಲು ಸಿಕ್ಕಾಗೂ ಕಟ್ಟಿಗಿ ಮನಿನ ತೆಗೀತು. ಬಡಿಗ್ಯಾ ತನ್ನ ಕಸಬು ಬಿಡಲಿಲ್ಲ ಅನಸ್ತು. ಅಲ್ಲಿ ಹತ್ತು ನಿಮಿಷ ಕುಂತಿದ್ದೆ, ಸೀಟಿ ಊದಿದ್ರು.

ಹಂಗಾರ ನನಗ ಕಾಣೂದು ಕಸಬು ಒಂದನ ಏನೋ. ದೇವರು ಯಾಕ ಕಾಣೂದಿಲ್ಲ?

ಉಣಕಲ್ ಕೆರಿ ದಂಡಿ (ಹುಬ್ಬಳ್ಳಿ)

ದೇವರು ಕಾಣಲಿಲ್ಲ ಅಂತ ಯಾಕ ಅಳತೀವಾ? ಎರಡೂವರೆ ತಾಸು ಸುಮ್ನ ಕುಂತಿಯಲ್ಲ, ನಮ್ಮ ಅತ್ತಿ ಅರ್ಧ ತಾಸು ಜಪಕ್ಕ ಕುಂತ್ರ ಮೂರು ಸಲ ಕುಕ್ಕರ್ ಸೀಟಿ ಎಣಸ್ತಾರ.

ನಮ್ಮ ಮನಿ ಹತ್ರ ಚಂದ್ರಮೌಳೇಶ್ವರ ಗುಡಿ ಐತಿ. ನಾಲ್ಕೂ ದಿಕ್ಕಿಗೆ ಬಾಗಿಲು. ಸುತ್ತ ಮನಿ ಒತ್ತೊತ್ತು, ಗಲ್ಲಿ ದಾಟಿ ಬಂದ್ರ ತಟ್ಟನ ಗುಡಿ. ಹುಬ್ಬಳ್ಳಿ ಮಂದಿಗೇ ಅರ್ಧ ಜನಕ್ಕ ಗೊತ್ತಿಲ್ಲ. ಬಾ ಒಮ್ಮೆ, ಚಹಾ ನಮ್ಮನ್ಯಾಗ.

ಲೇತ್ ಮಾಮಾ (ಹುಬ್ಬಳ್ಳಿ)

ನಾನು ಗೋಕುಲ ರೋಡಿನ ಕಡೆ ಒಂದು ಕಾರ್ಖಾನಿದಾಗ ಲೇತ್ ಮೇಲೆ, ಅಂದ್ರ ಕಬ್ಬಿಣ ತಿರುಗಿಸಿ ದುಂಡಗ ಕಡಿಯೋ ಯಂತ್ರದ ಮೇಲೆ, 18 ವರ್ಷ ಕೆಲಸ ಮಾಡಿದವ. ಓದಿದ್ದು ಐ.ಟಿ.ಐ. ಗುಡಿ ಬಗ್ಗೆ ಪುಸ್ತಕದ ಜ್ಞಾನ ಇಲ್ಲ. ಆದ್ರ ಈ ಹುಡುಗಿ ದಡಿ ಅಂದಿದ್ದು ಓದಿ ಕೈ ತಡೀಲಿಲ್ಲ.

ನೀವೆಲ್ಲಾ ಬಾಗಿಲು ನೋಡ್ತೀರಿ, ನಾ ಕಂಬ ನೋಡ್ತೀನಿ. ಗದಗ ತ್ರಿಕೂಟೇಶ್ವರದ ಆವಾರದಾಗ ಸರಸ್ವತಿ ಗುಡಿ ಐತಲ್ಲ, ಅದರ ಕಂಬ. ಲಕ್ಕುಂಡಿ ಕಂಬ. ಕರ್ರಗ ಮಿಂಚತಾವು, ಮುಖ ಕಾಣಸ್ತೈತಿ. ಬುಡ ಚೌಕ, ಮ್ಯಾಲೆ ದುಂಡು, ದುಂಡಿನಾಗ ಬಳಿ ಬಳಿ ಬಳಿ. ಮೊದಲನೇ ಸಲ ನೋಡಿದಾಗ ನನ್ನ ಬಾಯಿಂದ ಬಂದಿದ್ದು "ಇದು ಟರ್ನಿಂಗ್ ಜಾಬ್". ಬಾಜೂಕಿದ್ದ ಅರ್ಚಕರು ಗಾಬರಿ ಆದ್ರು.

ಉಳಿ ಹಿಡಕೊಂಡು ದುಂಡು ಮಾಡಿದ್ರ ಎಷ್ಟ ಹುಷಾರಿ ಇದ್ರೂ ಒಂದು ಕಡೆ ಉಬ್ಬತೈತಿ, ಒಂದು ಕಡೆ ತಗ್ಗತೈತಿ. ಈ ಬಳಿ ಹಂಗಿಲ್ಲ. ಬೆರಳು ಇಟ್ಟು ಸುತ್ತ ಹೊಳ್ಳಸ್ರಿ, ಎಲ್ಲೂ ತಡಿಯಂಗಿಲ್ಲ. ಕಲ್ಲನ್ನ ತಿರುಗಿಸ್ಯಾರ, ಉಳಿ ಒಂದು ಕಡೆ ನಿಂತೈತಿ. ಕಲ್ಲಿನ ದಿಮ್ಮಿ ನೆಟ್ಟಗ ನಿಲ್ಲಿಸಿ ತಿರುಗಿಸ್ತಿದ್ರು ಅಂತ ತಿಳಿದವರು ಬರದಾರಂತ. ನನಗೂ ಹಂಗ ಅನಸ್ತೈತಿ. ಅಷ್ಟು ಭಾರದ್ದು ಅಡ್ಡ ಹಿಡಿದು ತಿರುಗಿಸಿದ್ರ ನಡಕ ಜೋತು ಬೀಳತೈತಿ, ಸೆಂಟರ್ ಔಟ್ ಆಗತೈತಿ. ಇವತ್ತಿಗೂ ನಮ್ಮಲ್ಲಿ ದೊಡ್ಡ ಜಾಬ್ ಇದ್ರ ವರ್ಟಿಕಲ್ ಮಷೀನಿಗೇ ಹಾಕ್ತೀವಿ. ನಮಗ ಮೋಟರ್ ಐತಿ. ಅವರಿಗೆ? ಎಷ್ಟ ಮಂದಿ ತಿರುವಿದ್ರೋ, ಎತ್ತು ಹೂಡಿದ್ರೋ. ಒಂದು ಸಲ ಉಳಿ ಕಚ್ಚಿ ಚಕ್ಕಿ ಎದ್ರ ಇಡೀ ಕಂಬ ಸ್ಕ್ರ್ಯಾಪ್. ಆ ಸ್ಕ್ರ್ಯಾಪ್ ಕಂಬ ಎಲ್ಲಿ ಒಗದ್ರು ಅನ್ನೋದ ನನ್ನ ತಲ್ಯಾಗ ಹುಳ ಆಗಿ ಕೊರೀತೈತಿ.

ಕಲ್ಲು ಹುಚ್ಚ (ಧಾರವಾಡ)

ಮಾಮಾರ, ಸಲಾಂ. ನಾನು ಭೂವಿಜ್ಞಾನದ ವಿದ್ಯಾರ್ಥಿ, ಹಾಗಾಗಿ ಕಲ್ಲಿನ ಕಡೆಯಿಂದ ಎರಡು ಮಾತು.

ಗ್ರಾನೈಟಿನಲ್ಲಿ ನೀವು ಹೇಳಿದ ಬಳೆ ತೆಗೆಯೋದು ಬಹಳ ಕಷ್ಟ. ಇದು ಬಳಪದ ಕಲ್ಲಿನ ಜಾತಿ, ನಮ್ಮ ಪುಸ್ತಕದ ಭಾಷೆಯಲ್ಲಿ ಕ್ಲೋರೈಟ್ ಶಿಸ್ಟ್. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರದು ಮರಳುಗಲ್ಲು. ಅದರಲ್ಲಿ ದೊಡ್ಡ ದೊಡ್ಡ ಬಂಡೆ ಸಿಗುತ್ತದೆ, ಆದರೆ ಇಷ್ಟು ನಾಜೂಕಿನ ಬಳ್ಳಿ ಕಷ್ಟ. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಕಡೆ ಬಳಪದ ಕಲ್ಲಿಗೆ ಕೈ ಹಾಕಿದರು. ಅಣ್ಣಿಗೇರಿಯ ಅಮೃತೇಶ್ವರ ಈ ಬದಲಾವಣೆಯ ಮೊದಮೊದಲ ಗುಡಿಗಳಲ್ಲೊಂದು. ಕಲ್ಲು ಸಣ್ಣದಾಯಿತು, ಹಾಗಾಗಿ ಗುಡಿಯ ಭಾಗಗಳೂ ಸಣ್ಣ ಸಣ್ಣದಾದವು, ಕೆತ್ತನೆ ದಟ್ಟವಾಯಿತು. ಬಾಗಿಲ ಮೇಲೆ ಆ ಹುಡುಗಿಗೆ ದಡಿ ಕಂಡಿದ್ದು ಅರ್ಧ ಶಿಲ್ಪಿಯ ಪುಣ್ಯ, ಅರ್ಧ ಕಲ್ಲಿನ ಪುಣ್ಯ.

ಆಮೇಲೆ ಸ್ವಲ್ಪ ಜಂಭ ಕೊಚ್ಚಿಕೊಳ್ಳುತ್ತೇನೆ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಹಳೆಯ ಶಿಲಾಪಟ್ಟಿಗೆ ನಮ್ಮೂರಿನ ಹೆಸರೇ ಇದೆ, ಧಾರವಾಡ ಅಂತ. ಪೇಡೆ ಆಮೇಲೆ ಬಂದದ್ದು.

ಅಣ್ಣಿಗೇರಿ ಮೆಣಸಿನಕಾಯಿ

ಮಾಮಾ ಮೋಟರ್ ಅಂತಾನ, ಇವ ಶಿಸ್ಟ್ ಅಂತಾನ. ನಮ್ಮ ಅಜ್ಜನ್ನ ಕೇಳಿದ್ರ ಒಂದ ಮಾತಿನಾಗ ಮುಗಸ್ತಿದ್ದ: "ಜಕಣಾಚಾರಿ ಒಂದ ರಾತ್ರಿದಾಗ ಕಟ್ಟ್ಯಾನ, ಕೋಳಿ ಕೂಗ್ತು, ಬಿಟ್ಟು ಹೋದ."

ನಿವೃತ್ತ ಮಾಸ್ತರ (ಹಾವೇರಿ)

ಆ ಕೋಳಿಯನ್ನು ನಮ್ಮ ಹಾವೇರಿ ಜಿಲ್ಲೆಯಲ್ಲೂ ಕೇಳಿದ್ದೇನೆ! ಹಳೆಯ ಗುಡಿಗಳೆಲ್ಲ ಜಕಣಾಚಾರಿಯ ಖಾತೆಗೆ.

ಹುಡುಗಿ ಮಗ್ಗ ಅಂದಳು, ಮಾಮಾ ಲೇತ್ ಅಂದರು. ನಾನು ಗಣಿತದ ಮಾಸ್ತರ, ನನ್ನ ಗುಡಿ ಡಂಬಳ. ಗದಗಿನಿಂದ ಮುಂಡರಗಿ ರಸ್ತೆ ಹಿಡಿದರೆ ಸಿಗುತ್ತದೆ, ದೊಡ್ಡಬಸಪ್ಪ ದೇವಾಲಯ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಮೇಲೆ ಶಿಖರದ ಅಂತಸ್ತು ಅಂತಸ್ತಿನಲ್ಲೂ ಅದೇ ನಕ್ಷತ್ರ ಕಿರಿದಾಗುತ್ತ ಹೋಗುತ್ತದೆ. ದೂರದಿಂದ ನೋಡಿದರೆ ದುಂಡಗೆ ತಿರುಗಿದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಬರೀ ಚೂಪು ಮೂಲೆಗಳು.

ಎಷ್ಟೋ ವರ್ಷ ಎಂಟನೇ ಇಯತ್ತೆಯ ಮಕ್ಕಳಿಗೆ ಇದನ್ನು ರಟ್ಟಿನಲ್ಲಿ ಮಾಡಿಸಿದ್ದೇನೆ. ಒಂದೇ ಅಳತೆಯ ಆರು ಚೌಕ ಕತ್ತರಿಸಿ. ನಡುವೆ ಗುಂಡುಸೂಜಿ ಚುಚ್ಚಿ ಒಂದರ ಮೇಲೊಂದು ಪೇರಿಸಿ. ಒಂದೊಂದನ್ನೂ ಹಿಂದಿನದಕ್ಕಿಂತ 15 ಡಿಗ್ರಿ ತಿರುಗಿಸಿ. ಆರು ಚೌಕ, ತಲಾ ನಾಲ್ಕು ಮೂಲೆ, ಒಟ್ಟು 24. ಪ್ರತಿ ಮೂಲೆಯೂ ಲಂಬಕೋನ. ನಕ್ಷತ್ರ ಸಿದ್ಧ. ಹಗ್ಗ, ಗೂಟ ಇದ್ದರೆ ನೆಲದ ಮೇಲೂ ಎಳೆಯಬಹುದು. ವರ್ಗದಲ್ಲಿ ಹಿಂದಿನ ಬೆಂಚಿನ ಹುಡುಗರೂ ಅವತ್ತು ಎದ್ದು ಬರುತ್ತಿದ್ದರು.

ಮಗ್ಗದಮನಿ ಹುಡುಗಿ (ಬೆಟಗೇರಿ)

ಮಾಸ್ತರ್ರ, ನೀವು ಬರೆದ ಮರುದಿನಾನ ಡಂಬಳಕ್ಕ ಹೋಗಿ ಬಂದೆ. (ಹಾಜರಿ ಬಗ್ಗೆ ಯಾರೂ ಕೇಳಬ್ಯಾಡ್ರಿ.) ಮೂಲಿ ಎಣಸ್ಕೋತ ಸುತ್ತ ಹಾಕಿದೆ, 24 ಸಿಗಲಿಲ್ಲ! ಎರಡು ಸಲ ಎಣಿಸಿದೆ. ಆಮ್ಯಾಲೆ ಗೊತ್ತಾತು, ಮುಂದಿನ ಮಂಟಪ ಬಂದು ಕೂಡೋ ಕಡೆ ಮೂಲಿ ಮುಚ್ಚಿಹೋಗ್ಯಾವು. ರಟ್ಟಿನಾಗ ಸಿಗೋ ನಕ್ಷತ್ರ ಕಲ್ಲಿನಾಗ ಪೂರ್ತಿ ಸಿಗೂದಿಲ್ಲ. ಒಳಗ ದೇವರಿಗೆ ಹೋಗಾಕ ದಾರಿ ಬೇಕಲ್ರಿ.

ಇನ್ನೊಂದು, ಬಿಸಿಲು. ಹನ್ನೊಂದಕ್ಕ ಮುಟ್ಟಿದ್ದೆ, ನಾಲ್ಕರ ತನಕ ಇದ್ದೆ. ಮೂಲಿ ಒಂದು ಮಗ್ಗಲಿಗೆ ಬಿಸಿಲು, ಇನ್ನೊಂದು ಮಗ್ಗಲಿಗೆ ನೆರಳು. ಹೊತ್ತು ಸರಿದಂಗ ಪಟ್ಟಿ ಜಾಗ ಬದಲಿಸತಾವು. ನೆರಳು, ಬೆಳಕು, ನೆರಳು, ಬೆಳಕು. ಹಾಸಿನಾಗ, ಅಂದ್ರ ಮಗ್ಗದ ಉದ್ದನ ಎಳ್ಯಾಗ, ಎರಡು ಬಣ್ಣ ಹಾಕಿದ್ರ ಬರೋ ಪಟ್ಟಾಪಟ್ಟಿ ಇದ. ಚಪ್ಪಟೆ ಗೋಡಿ ಇದ್ದಿದ್ರ ಇಡೀ ದಿನ ಒಂದ ಬಣ್ಣ.

ಅಲ್ಲೇ ಓದಿದ್ದು ನೆನಪಾತು. 1095ರ ಡಂಬಳದ ಶಾಸನದಾಗ ಬೌದ್ಧ ವಿಹಾರ ಇತ್ತು, ಅವರ ದೇವತಿ ತಾರಾದೇವಿ ಇದ್ಲು ಅಂತ ಬರ್ತೈತಿ. ನಮ್ಮ ಗದಗ ಜಿಲ್ಲಾದಾಗ ಅಷ್ಟು ತಡಾ ಬುದ್ಧನ ಮಂದಿ ಇದ್ರು! ಊರಾಗ ಇಬ್ಬರನ್ನ ಕೇಳಿದೆ, ಇಬ್ಬರೂ ನಕ್ರು.

ಉಣಕಲ್ ಕೆರಿ ದಂಡಿ (ಹುಬ್ಬಳ್ಳಿ)

ನಾ ಒಂದು ಮಾತು ಕೇಳ್ತೀನಿ, ಬೈಬ್ಯಾಡ್ರಿ. ನೀವೆಲ್ಲಾ ಇಷ್ಟು ಬರದ್ರಿ, ಕಟ್ಟಿಸಿದಾಕಿ ಒಬ್ಬಾಕಿ ಇದ್ಲಲ್ಲ, ಆಕಿ ಹೆಸರು ಯಾರೂ ಎತ್ತಲಿಲ್ಲ. ಅತ್ತಿಮಬ್ಬೆ! ಲಕ್ಕುಂಡಿ ಬ್ರಹ್ಮ ಜಿನಾಲಯ ಕಟ್ಟಿಸಿದಾಕಿ, 1007ರಾಗ. ಗಂಡ ನಾಗದೇವ ಸತ್ತ ಮ್ಯಾಲೆ ಮೂಲ್ಯಾಗ ಕೂಡಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ತಾಳೆಗರಿ ಮ್ಯಾಲೆ ಬರಸಿ ಹಂಚಿದ್ಲು. ಅಚ್ಚಿನ ಮಷೀನ್ ಇಲ್ಲದ ಕಾಲಕ್ಕ! ರನ್ನನಿಗೆ ಆಸರಾದಾಕಿ.

ಮಗಳ, ನೀ ಕಾಶಿವಿಶ್ವೇಶ್ವರದ ದಡಿ ನೋಡಿ ಹೊಳ್ಳಿ ಬಂದಿ. ಜಿನಾಲಯಕ್ಕ ಹೋದ್ಯೋ ಇಲ್ಲೋ?

ಮಗ್ಗದಮನಿ ಹುಡುಗಿ (ಬೆಟಗೇರಿ)

ಹೋದೆ ಅಕ್ಕಾರ, ಬರಿಯೂದು ಬಿಟ್ಟೆ. ಸಿಟ್ಟಾಗಬ್ಯಾಡ್ರಿ. ಹೊರಗೋಡಿ ಭಾಳ ಸಾದಾ ಅನಸ್ತು, ಅದಕ್ಕ ಜಲ್ದಿ ದಾಟಿದ್ದೆ. ನೀವು ಕೇಳಿದ ಮ್ಯಾಲೆ ಡಂಬಳದಿಂದ ಬಂದು ಮೂರನೇ ದಿನ ಮತ್ತ ಹೋದೆ. ಒಳಗ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಐತಲ್ರಿ, ಅದರ ಮುಂದ ನಿಂತಾಗ ಹೊರಗಿನ ಸಾದಾ ಗೋಡಿ ಅರ್ಥ ಆತು. ಸೀರಿ ಒಡಲು ಬಣ್ಣದ್ದು ಸಾದಾ ಬಿಟ್ಟಾಗ ಸೆರಗು ಏಳತೈತಿ. ಇಳಕಲ್ ಸೀರಿ ಟೋಪ್ ತೆನಿ ಸೆರಗು ನೋಡಿದವರಿಗೆ ಗೊತ್ತು.

ಕಾಶಿವಿಶ್ವೇಶ್ವರದ ಹತ್ರ ನನ್ನೇಶ್ವರ ಅಂತ ಇನ್ನೊಂದು ಗುಡಿ ಐತಿ. ಅದ ತರದ್ದು, ಆದ್ರ ಕೆತ್ತನಿ ಕಡಿಮಿ. ಅದು ಮೊದಲು ಮಾಡಿದ್ದು, ಕಾಶಿವಿಶ್ವೇಶ್ವರಕ್ಕ ತಾಲೀಮು ಇದ್ದಂಗ ಅಂತ ತಿಳಿದವರು ಹೇಳ್ತಾರ. ನನಗ ಈಗ ಅದರ ಮ್ಯಾಲೇ ಪ್ರೀತಿ ಜಾಸ್ತಿ. ಹೊಸ ದಡಿ ಹಾಕೋ ಮೊದಲು ಅಪ್ಪಾ ಒಂದು ಮೊಳ ನೇದು, ಬೆಳಕಿಗೆ ಹಿಡಿದು, ಸುಮ್ನ ನೋಡ್ಕೋತ ನಿಲ್ತಾನ. ನನ್ನೇಶ್ವರ ಆ ಒಂದು ಮೊಳ.

ಬಾಜೂಕ ಮಾಣಿಕೇಶ್ವರದ ಮುಸುಕಿನ ಬಾವಿ. ಅದರ ಬಗ್ಗೆ ಬರದ್ರ ಇದು ಮುಗಿಯಂಗಿಲ್ಲ.

ಕಲ್ಲು ಹುಚ್ಚ (ಧಾರವಾಡ)

ಒಂದು ಗುಡಿಯಲ್ಲಿ (ಯಾವುದು ಅಂತ ಹೇಳಲ್ಲ) ನಾನು ನೆಲಕ್ಕೆ ಕೂತು ಚಿತ್ರ ಬರೀತಿದ್ದೆ. ಕಾವಲಿನವರು ಬಂದು ಎಬ್ಬಿಸಿದರು. ಮೊಬೈಲಿನಲ್ಲಿ ಐವತ್ತು ಫೋಟೋ ತೆಗೆದರೆ ಯಾರೂ ಕೇಳಲ್ಲ, ಪೆನ್ಸಿಲ್ ತೆಗೆದರೆ ಸಂಶಯ. ಅದೇ ವಾರ ಇನ್ನೊಂದು ಹಳ್ಳಿಯಲ್ಲಿ ಎಂಟುನೂರು ವರ್ಷದ ಬಸವಣ್ಣನಿಗೆ ಹಳದಿ ಆಯಿಲ್ ಪೇಂಟ್, ಕಣ್ಣಿಗೆ ಕಪ್ಪು. ಬಳಪದ ಕಲ್ಲಿನ ಕೆತ್ತನೆ ಎಲ್ಲ ಪೇಂಟಿನ ಕೆಳಗೆ ಮುಚ್ಚಿಹೋಗಿದೆ. ಹೊಟ್ಟೆ ಉರೀತು.

ನಿವೃತ್ತ ಮಾಸ್ತರ (ಹಾವೇರಿ)

ಹೊಟ್ಟೆ ನನ್ನದೂ ಉರಿಯುತ್ತದೆ. ಆದರೂ ಪೇಂಟ್ ಬಳಿದವರ ಪರವಾಗಿ ಒಂದು ಮಾತು. ಅವರಿಗೆ ಅದು ಶಿಲ್ಪವಲ್ಲ, ಬಸವಣ್ಣ. ಜಾತ್ರೆಗೆ ಮನೆಗೆ ಸುಣ್ಣ ಹೊಡೆದ ಹಾಗೆ ಅವನಿಗೂ ಹೊಸ ಅಂಗಿ. ಬೈದು ಬಂದರೆ ಮುಂದಿನ ವರ್ಷ ಎರಡು ಕೋಟ್ ಬಳಿಯುತ್ತಾರೆ. ಎಣ್ಣೆ ಬಣ್ಣ ಒಮ್ಮೆ ಕೂತರೆ ಕೆತ್ತನೆಗೆ ಪೆಟ್ಟಾಗದಂತೆ ತೆಗೆಯುವುದು ಎಷ್ಟು ಕಷ್ಟ ಎಂದು ಕೂತು ಹೇಳಿದರೆ ಕೇಳುವವರೂ ಇದ್ದಾರೆ, ನನಗೆ ಒಂದು ಊರಲ್ಲಿ ಹಾಗಾಗಿದೆ.

ಹಾವೇರಿಯ ಸಿದ್ಧೇಶ್ವರಕ್ಕೆ ಬನ್ನಿ, ಸಂಜೆ ಬನ್ನಿ. ಆ ಗುಡಿಯ ಮುಖ ಪಶ್ಚಿಮಕ್ಕೆ. ನಿತ್ಯ ಪೂಜೆ ನಡೆಯುತ್ತದೆ, ಕೆತ್ತನೆಯೂ ಉಳಿದಿದೆ. ಎರಡೂ ಒಟ್ಟಿಗೆ ಇರಲು ಸಾಧ್ಯ. ಅಲ್ಲಿಂದ ಹಾನಗಲ್ಲಿನ ತಾರಕೇಶ್ವರಕ್ಕೆ ಹೋದರೆ ಮಂಟಪದ ನಡುವೆ ಅಂಗಾತ ಮಲಗಿ ಮೇಲಿನ ತಾವರೆ ನೋಡಿ. ನನ್ನ ವಯಸ್ಸಿನವರು ಮಲಗಿದರೆ ಎಬ್ಬಿಸಲು ಇಬ್ಬರು ಬೇಕು.

ಲೇತ್ ಮಾಮಾ (ಹುಬ್ಬಳ್ಳಿ)

ದೇವರು ಕಾಣೂದಿಲ್ಲ ಅಂದಿದ್ದಿ ನೀನು, ಅದಕ್ಕ ಹೇಳ್ತೀನಿ. ಗದಗಿನ ಸರಸ್ವತಿ ಗುಡಿದಾಗ ಮೂರ್ತಿ ಭಗ್ನ ಆಗೇತಿ, ಪೂಜಿ ಇಲ್ಲ. ನಾನು ಕಂಬ ನೋಡಾಕಂತ ಹೋದವ. ಹೊರಗ ಬರೂವಾಗ ಚಪ್ಪಲ್ ಹಾಕ್ಕೊಂಡ ಮ್ಯಾಲೆ ನೆನಪಾತು, ಮತ್ತ ಚಪ್ಪಲ್ ಬಿಟ್ಟು ಒಳಗ ಹೋಗಿ ಕೈ ಮುಗದೆ. ಯಾರಿಗೆ ಮುಗದೆ ಅಂತ ಗೊತ್ತಿಲ್ಲ. ಕಂಬ ತಿರುವಿದವಗೂ ಇರಬಹುದು.

ಮಗ್ಗದಮನಿ ಹುಡುಗಿ (ಬೆಟಗೇರಿ)

ಮಾಮಾರ, ನಿಮ್ಮದು ಓದಿ ಸ್ವಲ್ಪ ಹೊತ್ತು ಸುಮ್ನ ಕುಂತೆ.

ನಿನ್ನೆ ಅಮಾಸಿ, ನಮ್ಮ ಮಗ್ಗ ಬಂದ್. ಅಪ್ಪನ್ನ ಲಕ್ಕುಂಡಿಗೆ ಕರಕೊಂಡು ಹೋಗಿದ್ದೆ. ನಲವತ್ತು ವರ್ಷ ಬೆಟಗೇರಿಯಾಗ ನೇದಾನ, ಅವನೂ ಒಮ್ಮೆನೂ ಇಳಿದವ ಅಲ್ಲ. ಬಾಗಿಲ ಮುಂದ ನಿಲ್ಲಿಸಿ, ನಾನು ಏನೂ ಹೇಳಲಿಲ್ಲ. ಕನ್ನಡಕ ಏರಿಸ್ಕೊಂಡ. ಕೆಳಗಿಂದ ಮ್ಯಾಲೆ ನೋಡಿದ, ಮ್ಯಾಲಿಂದ ಕೆಳಗ ನೋಡಿದ. ಬೆರಳಿನಿಂದ ಗಾಳ್ಯಾಗ ಏನೋ ಎಣಿಸಿದ, ಎಳಿ ಎಣಸೂವಾಗ ಮಾಡ್ತಾನಲ್ಲ, ಹಂಗ. ಆಮ್ಯಾಲೆ ಕೇಳಿದ: "ಇದನ್ನ ಮಾಡಿದವಗ ದಿನಗೂಲಿ ಕೊಡ್ತಿದ್ರೋ, ತುಂಡಿನ ಲೆಕ್ಕನೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಶಾಸನದಾಗ ದೇವರಿಗೆ ಕೊಟ್ಟ ಭೂಮಿ, ಎಣ್ಣಿ, ದೀಪ ಎಲ್ಲಾ ಮತ್ತ ಮತ್ತ ಓದೀನಿ. ಕೂಲಿ ಬಗ್ಗೆ ಯಾರೂ ಕೇಳಿದ್ದು ಕೇಳಿಲ್ಲ. ಈಗ ನನ್ನ ಪ್ರಾಜೆಕ್ಟಿಗೆ ಅದ ವಿಷಯ ಅಂತ ಬರಕೊಟ್ಟೀನಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಗೆ ಸೋಮವಾರ ಹೋಗ್ತೀನಿ, ಶಾಸನ ಸಂಪುಟ ತೆಗೆಸಿ ಕೂಡೂದು.

ಮುಂದಿನ ಅಮಾಸಿಗೆ ಅಪ್ಪನ ಜೋಡಿ ಇಬ್ಬರು ನೇಕಾರರು ಬರ್ತೀವಿ ಅಂದಾರ, ಡಂಬಳಕ್ಕ. ಟಂಟಂ ಹೇಳೀವಿ. ಇನ್ನೂ ಮೂರು ಸೀಟ್ ಅದಾವು.

ಲೇತ್ ಮಾಮಾ (ಹುಬ್ಬಳ್ಳಿ)

ನನಗೊಂದು ಹಿಡಿ. ಮುಂಜಾನಿ ಮೊದಲ ಗಾಡಿಗೆ ಗದಗಿಗೆ ಬರ್ತೀನಿ. ದಪ್ಪ ಅಳಿಯೋ ಕ್ಯಾಲಿಪರ್ ತರ್ತೀನಿ, ಕಂಬ ಮುಟ್ಟಾಕ ಬಿಟ್ರ.

ನಿವೃತ್ತ ಮಾಸ್ತರ (ಹಾವೇರಿ)

ನನಗೂ ಒಂದು. ರಟ್ಟು, ಗುಂಡುಸೂಜಿ ನನ್ನ ಕಡೆಯಿಂದ.

ಅಣ್ಣಿಗೇರಿ ಮೆಣಸಿನಕಾಯಿ

ಉಳಿದ ಸೀಟ್ ನಂದು. ಗಿರಮಿಟ್ ಕಟ್ಟಿಸ್ಕೊಂಡು ಬರ್ತೀನಿ. ಹೊಳ್ಳಿ ಬರೂವಾಗ ಎಲ್ಲಾರೂ ಅಣ್ಣಿಗೇರಿಯಾಗ ಇಳೀಬೇಕು, ಹೇಳಿಬಿಟ್ಟೀನಿ.